ಸಂಪುಟಗಳ ಲೆಕ್ಕ ಇಡಲು ಜೋಟೆರೋ

ಎಪಿಗ್ರಾಫಿಯಾ ಕರ್ನಾಟಿಕಾ (ಶಾಸನಗಳ ಸಂಗ್ರಹ) ಥರ ಹತ್ತಾರು ಸಂಪುಟಗಳನ್ನು ಇಟ್ಟುಕೊಂಡು ಪ್ರಬಂಧ ಬರೆಯುವವರಿಗೆ, ಆಕರ ಪುಸ್ತಕಗಳ ವಿವರ ಕೂಡಿಟ್ಟು ಉಲ್ಲೇಖ ಹಾಕಿಕೊಡುವ ಜೋಟೆರೋ ಒಳ್ಳೆಯ ಸಾಫ್ಟ್‌ವೇರ್, ಅದೂ ಪುಕ್ಕಟೆ. ಅದರಲ್ಲಿ ‘ವಾಲ್ಯೂಮ್’ ಒಂದು ಖಾನೆ, ಒಟ್ಟು ಎಷ್ಟು ವಾಲ್ಯೂಮ್ ಅನ್ನುವುದಕ್ಕೆ ಇನ್ನೊಂದು. ಅದಲುಬದಲಾದರೆ ನೀವು ನೋಡಿದ್ದು 9ನೇ ಸಂಪುಟವೋ, ಪುಸ್ತಕ ಇರುವುದೇ 9 ಸಂಪುಟವೋ ಓದುವವರಿಗೆ ಗೊತ್ತಾಗುವುದಿಲ್ಲ. ಉಲ್ಲೇಖ ಹಾಕುವಾಗ ಸಂಪುಟ ಇಲ್ಲವೇ ಪುಟ, ಎರಡರಲ್ಲಿ ಒಂದನ್ನೇ ಆರಿಸಬಹುದು, ಇದೊಂದು ಕಿರಿಕಿರಿ. ಹಾಗಾಗಿ ಪ್ರತಿ ಸಂಪುಟವನ್ನೂ ಬೇರೆ ಪುಸ್ತಕ ಅಂತಲೇ ಸೇರಿಸಿಬಿಡಿ, ಆಮೇಲೆ ಪುಟ ಹಾಕಿದರೆ ಸಾಕು.

ಆದರೆ ಆವೃತ್ತಿ ಯಾವುದು ಅಂತ ನೀವೇ ಬರೆಯಬೇಕು. ಎಪಿಗ್ರಾಫಿಯಾ ಕರ್ನಾಟಿಕಾದ ಹಳೆಯ ಆವೃತ್ತಿಯ 9ನೇ ಸಂಪುಟ ಬೆಂಗಳೂರು ಜಿಲ್ಲೆಯದು, ಪರಿಷ್ಕೃತ ಆವೃತ್ತಿಯ 9 ಬೇಲೂರಿನದು. ಸುಮ್ನೆ ‘ಸಂ. 9’ ಅಂದರೆ ಯಾವ ಊರಿನ ಶಾಸನ ಅಂತ ಹುಡುಕುವುದು, ಅಲ್ವಾ?