ಕುರ್ಲಾದ ಉಪ್ಪುನೀರಿನ ಮೀನಿನ ಅಂಗಡಿ: ಮೊದಲು ಮೀನು ನೋಡುತ್ತಾರೆ, ಮದ್ದು ಆಮೇಲೆ

ಮುಂಬೈಯಲ್ಲಿ ಮೀನು ಮಾರುವ ಅಂಗಡಿಗಳಿಗೆ ಬರ ಇಲ್ಲ. ಆದರೆ ಮೀನಿಗೆ ಹುಷಾರಿಲ್ಲ ಅಂದಾಗ ತಾಳ್ಮೆಯಿಂದ ನೋಡುವವರು ತುಂಬಾ ಕಡಿಮೆ. ಕುರ್ಲಾ ಸ್ಟೇಷನ್ನಿನಿಂದ ನಡೆದು ಹೋಗಬಹುದಾದ ಈ ಪುಟ್ಟ ಅಂಗಡಿ ಆ ಕಡಿಮೆ ಜನರಲ್ಲಿ ಒಂದು. ಐದಕ್ಕೆ ನಾಲ್ಕೂವರೆ ಕೊಡುತ್ತೇನೆ.

ನಮ್ಮದು ಡೊಂಬಿವಲಿ. ಮನೆಯಲ್ಲಿ ಸುಮಾರು ನೂರು ಲೀಟರಿನ ಉಪ್ಪುನೀರಿನ ಟ್ಯಾಂಕ್ ಇದೆ. ಒಂದು ಜೋಡಿ ಕ್ಲೌನ್ ಮೀನು, ಒಂದು ಫೈರ್‌ಫಿಶ್, ಒಂದು ಕ್ಲೀನರ್ ಸೀಗಡಿ, ನಾಲ್ಕಾರು ಬಸವನಹುಳು. ಫೈರ್‌ಫಿಶ್ ಗೊತ್ತಿಲ್ಲದವರಿಗೆ: ಬೆರಳುದ್ದದ ಮೀನು, ಮುಂದಿನ ಅರ್ಧ ಬಿಳಿ, ಬಾಲದ ಕಡೆ ಕೆಂಪು, ಬೆನ್ನ ಮೇಲೆ ನೆಟ್ಟಗೆ ನಿಲ್ಲುವ ಒಂದು ಉದ್ದ ರೆಕ್ಕೆ. ತುಂಬಾ ಅಂಜುಬುರುಕ, ಹೆದರಿದರೆ ಟ್ಯಾಂಕಿನಿಂದ ಹೊರಗೇ ಹಾರುತ್ತದೆ. ರಾತ್ರಿ ಚೆನ್ನಾಗಿ ತಿಂದಿದ್ದ ಮೀನು ಬೆಳಿಗ್ಗೆ ಮರಳ ಮೇಲೆ ಬಿದ್ದಿತ್ತು. ಎಡಗಣ್ಣು ಊದಿ ಹೊರಗೆ ಬಂದಿತ್ತು, ಅದೇ ಮಗ್ಗುಲಲ್ಲಿ ಚರ್ಮ ಕಿತ್ತುಹೋಗಿತ್ತು, ಬಾಲದ ತುದಿ ಇರಲಿಲ್ಲ.

ಮೊದಲು ನಮ್ಮ ಏರಿಯಾದ ಬೇರೊಂದು ಅಂಗಡಿಗೆ ಫೋನ್ ಮಾಡಿದೆ. ಒಂದು ಪ್ರಶ್ನೆಯೂ ಕೇಳದೆ "ತಾಮ್ರದ ಮದ್ದು ಟ್ಯಾಂಕಿಗೇ ಹಾಕಿ" ಅಂದರು. ತಾಮ್ರ ಬಿದ್ದರೆ ಸೀಗಡಿ, ಬಸವನಹುಳು ಉಳಿಯೋದಿಲ್ಲ. ಕಲ್ಲು, ಮರಳು ಕೂಡ ತಾಮ್ರ ಹೀರಿಕೊಂಡು ಆಮೇಲೆ ಸ್ವಲ್ಪಸ್ವಲ್ಪ ಬಿಡುತ್ತವೆ. ಫೋನ್ ಇಟ್ಟೆ. ನಮ್ಮ ಪಕ್ಕದ ವಿಂಗಿನಲ್ಲಿ ಹೊನ್ನಾವರದ ಮಾಮಿ ಒಬ್ಬರಿದ್ದಾರೆ, ಅವರೂ ಕ್ಲೌನ್ ಮೀನು ಸಾಕುತ್ತಾರೆ. ಅವರೇ ಕುರ್ಲಾದ ಈ ನಂಬರ್ ಕೊಟ್ಟರು.

ಇಲ್ಲಿ ಕೌಂಟರಿನಲ್ಲಿ ಇರೋದು ಬೈಂದೂರು ಕಡೆಯ ಹುಡುಗ. ಮಾಲೀಕರು ಮರಾಠಿಯವರು. ನಾನು ಗಾಬರಿಯಲ್ಲಿ ಯಾವ ಮದ್ದು ತರಲಿ ಅಂತ ಕೇಳಿದ್ದಕ್ಕೆ ಹುಡುಗ, "ಅಕ್ಕಾ, ಮದ್ದ್ ಆಮೇಲೆ. ಮೊದ್ಲ್ ನೀರ್ ಕಾಣಿ, ಮೀನ್ ಕಾಣಿ" ಅಂದ. ಮೀನು ಹಿಡಿದು ಲೋಕಲ್ ಟ್ರೇನಿನಲ್ಲಿ ತರೋದು ಬೇಡ, ಆ ಒದ್ದಾಟಕ್ಕೇ ಸಾಯುತ್ತದೆ, ವಿಡಿಯೋ ಕಳಿಸಿ ಅಂತ ಹೇಳಿದ. ಅದೂ ನೀಲಿ ಲೈಟ್ ಆರಿಸಿ, ಬಿಳಿ ಬೆಳಕಿನಲ್ಲಿ, ಪಕ್ಕದಿಂದ ಟಾರ್ಚ್ ಬಿಟ್ಟು. ನೀಲಿ ಬೆಳಕಿನಲ್ಲಿ ಮೈಮೇಲಿನ ಸಣ್ಣ ಧೂಳಿನಂಥ ಕಾಯಿಲೆ ಕಾಣೋದೇ ಇಲ್ಲವಂತೆ.

ಆಮೇಲೆ ಪ್ರಶ್ನೆಗಳು. ಒಂದು ಕಣ್ಣು ಊದಿದೆಯೋ ಎರಡೂನೋ? ಉಳಿದ ಮೀನು ತಿನ್ನುತ್ತಿವೆಯಾ? ಕಿವಿರು ಎಷ್ಟು ಬೇಗ ಬಡಿಯುತ್ತಿದೆ? ರಾತ್ರಿ ಕರೆಂಟ್ ಹೋಗಿತ್ತಾ? ಹೊಸದಾಗಿ ಏನಾದರೂ ಒಳಗೆ ಹಾಕಿದ್ದೀರಾ? ಪ್ರತಿಯೊಂದನ್ನೂ ಯಾಕೆ ಕೇಳುತ್ತಿದ್ದೇವೆ ಅಂತ ಬಿಡಿಸಿ ಹೇಳಿದರು, ನನಗೆ ತುಂಬಾ ಇಷ್ಟವಾಗಿದ್ದು ಅದೇ. ಒಂದೇ ಕಣ್ಣು ಊದಿದ್ದರೆ ಹೆಚ್ಚಾಗಿ ಪೆಟ್ಟು. ಎರಡೂ ಊದಿದ್ದರೆ ಒಳಗಿನ ಸೋಂಕು ಅಥವಾ ನೀರಿನ ತೊಂದರೆ ಅಂತ ಅನುಮಾನ ಪಡಬೇಕು. ರೆಕ್ಕೆ ನೇರವಾಗಿ ಕತ್ತರಿಸಿ ಹೋಗಿದ್ದರೆ ಯಾರೋ ಕಚ್ಚಿದ್ದು ಅಥವಾ ಎಲ್ಲೋ ಸಿಕ್ಕಿದ್ದು. ಅಂಚು ಬೆಳ್ಳಗಾಗಿ ದಿನದಿಂದ ದಿನಕ್ಕೆ ಸವೆಯುತ್ತಿದ್ದರೆ ಅದು ಕೊಳೆಯುವ ಕಾಯಿಲೆ. ಎಲ್ಲ ಮೀನುಗಳೂ ಒಟ್ಟಿಗೆ ಏದುಸಿರು ಬಿಡುತ್ತಿದ್ದರೆ ಮೊದಲು ನೀರನ್ನೇ ನೋಡಬೇಕು, ಅಲ್ವಾ? ಮೈಮೇಲೆ ಉಪ್ಪಿನ ಹರಳಿನಷ್ಟು ಎಣಿಸಬಹುದಾದ ಚುಕ್ಕೆ ಇದ್ದರೆ ಅದು ಬಿಳಿಚುಕ್ಕೆ ರೋಗ, ಕ್ರಿಪ್ಟೊಕ್ಯಾರಿಯಾನ್. ಎಣಿಸಲಾಗದಷ್ಟು ಸಣ್ಣ ಪುಡಿ, ಜೊತೆಗೆ ಮೀನು ಪಂಪಿನ ನೀರು ರಭಸವಾಗಿ ಬರುವ ಕಡೆಗೇ ಮುಖ ಮಾಡಿ ನಿಂತಿದ್ದರೆ ಅದು ವೆಲ್ವೆಟ್ ಅನ್ನೋ ರೋಗ, ಆಗ ಒಂದು ದಿನ ಕೂಡ ಕಾಯಬಾರದು, ಯಾಕೆಂದರೆ ಕಿವಿರನ್ನೇ ಮೊದಲು ಹಿಡಿದು ಕೆಲವೇ ದಿನಗಳಲ್ಲಿ ಇಡೀ ಟ್ಯಾಂಕನ್ನು ಮುಗಿಸಿಬಿಡುತ್ತದೆ.

ನಮ್ಮ ಮೀನಿಗೆ ಒಂದೇ ಕಣ್ಣು, ಒಂದೇ ಮಗ್ಗುಲು, ಬಾಲ ನೇರವಾಗಿ ತುಂಡಾಗಿತ್ತು. ಚುಕ್ಕೆ ಇಲ್ಲ. ಕ್ಲೌನ್ ಜೋಡಿ ಎಂದಿನಂತೆ ತಿನ್ನುತ್ತಿತ್ತು. ಇದು ಪೆಟ್ಟು, ರೋಗ ಅಲ್ಲ ಅಂದರು.

ಆದರೂ ನೀರು ತಂದು ತೋರಿಸಲು ಹೇಳಿದರು. ಬಾಟಲಿ ಕಂಠಪೂರ್ತಿ ತುಂಬಿಸಿ, ಗಾಳಿ ಉಳಿಯದ ಹಾಗೆ ಮುಚ್ಚಿ, ಆದಷ್ಟು ಬೇಗ ತರಬೇಕು. ಉಪ್ಪುನೀರಿನ ಪಿಎಚ್ 8.1ರಿಂದ 8.4 ಇರುತ್ತದೆ, ಆ ಮಟ್ಟದಲ್ಲಿ ಅಮೋನಿಯಾ ಸಿಹಿನೀರಿಗಿಂತ ಜಾಸ್ತಿ ವಿಷ, ಅದಕ್ಕೇ ಸ್ವಲ್ಪ ಕಂಡರೂ ಬಿಡೋದಿಲ್ಲ. ಉಪ್ಪಿನ ಅಳತೆಗೆ ರಿಫ್ರಾಕ್ಟೋಮೀಟರ್ ಇಟ್ಟಿದ್ದಾರೆ. ಬರೀ ಡಿಸ್ಟಿಲ್ಡ್ ನೀರಿನಲ್ಲಿ ಸೊನ್ನೆಗೆ ತಂದು ಸುಮ್ಮನಾಗದೆ, 35 ಪಿಪಿಟಿ (ಸಾವಿರ ಭಾಗಕ್ಕೆ 35 ಭಾಗ ಉಪ್ಪು) ದ್ರಾವಣ ಹಾಕಿ ಸರಿ ಮಾಡಿಕೊಳ್ಳುತ್ತಾರೆ. ನಾನು ನೋಡಿದ ಬೇರೆ ಅಂಗಡಿಗಳಲ್ಲಿ ಯಾರೂ ಇದನ್ನು ಮಾಡಿದ್ದಿಲ್ಲ. ನಮ್ಮ ನೀರು ಸರಿಯಿತ್ತು. ಟೆಸ್ಟಿಗೆ ಸ್ವಲ್ಪ ಹಣ ತೆಗೆದುಕೊಂಡರು, ಮದ್ದು ಮಾತ್ರ ಮಾರಲಿಲ್ಲ.

ಹಾಗಾದರೆ ಪೆಟ್ಟು ಹೇಗಾಯಿತು? ಊರು ಬಿಟ್ಟು ಹೋದ ಗೆಳತಿಯೊಬ್ಬಳ ಟ್ಯಾಂಕಿನ ಕಲ್ಲು ಸ್ವಲ್ಪ ದಿನದ ಹಿಂದೆ ನಮ್ಮ ಟ್ಯಾಂಕಿಗೆ ಬಂದಿತ್ತು. ರಾತ್ರಿ ಟಕ್ ಟಕ್ ಅಂತ ಸದ್ದು ಬರುತ್ತಿತ್ತು ಅಂತಲೂ ಹೇಳಿದೆ. ಕಲ್ಲಿನ ಬಿಲದಲ್ಲಿ ಮೀನಿನ ಮೇಲೆ ಎರಗುವ ಮ್ಯಾಂಟಿಸ್ ಸೀಗಡಿ ಬಂದಿರಬಹುದು ಅಂದರು, ಆದರೆ ಮಾಲೀಕರು ಅಲ್ಲಿಗೇ ತೀರ್ಮಾನ ಮಾಡಲಿಲ್ಲ. ಪಿಸ್ತೂಲ್ ಸೀಗಡಿ ಕೂಡ ಅದೇ ಸದ್ದು ಮಾಡುತ್ತದೆ, ಅದು ಸಾಮಾನ್ಯವಾಗಿ ಮೀನಿಗೆ ಏನೂ ಮಾಡೋದಿಲ್ಲ. ಕಣ್ಣಾರೆ ನೋಡಿ ಅಂದರು. ಲೈಟ್ ಆರಿಸಿ ಸ್ವಲ್ಪ ಹೊತ್ತಾದ ಮೇಲೆ ಕೆಂಪು ಬೆಳಕಿನಲ್ಲಿ ನೋಡಬೇಕು, ಯಾಕೆಂದರೆ ಕೆಂಪು ಬೆಳಕಿಗೆ ಇಂಥ ರಾತ್ರಿ ಜೀವಿಗಳು ಅಷ್ಟಾಗಿ ಬೆದರೋದಿಲ್ಲ. ನೋಡಿದೆವು. ಕಡ್ಡಿಯ ತುದಿಗೆ ಅಂಟಿಸಿದ ಹಾಗಿದ್ದ ಎರಡು ಕಣ್ಣು ಬಿಲದಿಂದ ಹೊರಗೆ ಬಂದವು. ಮ್ಯಾಂಟಿಸ್ಸೇ. ಆ ಕಲ್ಲನ್ನೇ ಹೊರಗೆ ತೆಗೆದು ಬಕೆಟಿಗೆ ಹಾಕಿದೆವು.

ಮೀನಿಗೆ ಮಾಡಿದ್ದು ಇಷ್ಟೇ: ಅದೇ ಟ್ಯಾಂಕಿನೊಳಗೆ ತೂತಿರುವ ಪ್ಲಾಸ್ಟಿಕ್ ಪೆಟ್ಟಿಗೆ ತೂಗುಹಾಕಿ, ಬಚ್ಚಿಟ್ಟುಕೊಳ್ಳಲು ಪಿವಿಸಿ ಪೈಪಿನ ತುಂಡು ಹಾಕಿ ಅದರಲ್ಲಿ ಬಿಟ್ಟೆವು. ನೀರು ಬದಲಾಗದ್ದರಿಂದ ಹೊಸ ಗಾಬರಿ ಇಲ್ಲ. ಗಾಯ ಕೆಂಪಾಗಿ ಅಗಲವಾಗುತ್ತಿದ್ದರೆ, ಬಿಳಿ ಹತ್ತಿಯ ಹಾಗೆ ಏನಾದರೂ ಬೆಳೆದರೆ, ತಿನ್ನೋದು ಬಿಟ್ಟರೆ ಮಾತ್ರ ಬೇರೆ ಟ್ಯಾಂಕ್, ಆ್ಯಂಟಿಬಯೋಟಿಕ್ ಅಂತ ಯೋಚಿಸೋಣ ಅಂದರು. ಬೇಕಾಗಲಿಲ್ಲ. ಕಣ್ಣಿನ ಊತ ನಿಧಾನವಾಗಿ ಇಳಿಯಿತು, ಬಾಲ ಮತ್ತೆ ಬೆಳೆಯುತ್ತಿದೆ, ಆರ್ಟೀಮಿಯಾ (ಮೀನಿಗೆ ಹಾಕುವ ಪುಟ್ಟ ಸೀಗಡಿಯಂಥ ಜೀವಿ) ಹಾಕಿದರೆ ಓಡಿ ಬರುತ್ತದೆ. ನನಗಾದ ಖುಷಿ ಹೇಳತೀರದು.

ಮಾಮಿಯ ಕ್ಲೌನ್ ಮೀನಿನ ಕಥೆ ಬೇರೆ. ಅದಕ್ಕೆ ಮೈಯೆಲ್ಲಾ ದಪ್ಪ ಲೋಳೆ ಬಂದು ಚರ್ಮ ಪದರಪದರವಾಗಿ ಕಳಚುತ್ತಿತ್ತು. ಅಂಗಡಿಯಲ್ಲೇ ಲೋಳೆ ಸ್ವಲ್ಪ ಕೆರೆದು ಮೈಕ್ರೋಸ್ಕೋಪಿನಲ್ಲಿ ನೋಡಿ ಬ್ರೂಕ್ಲಿನೆಲ್ಲಾ ಅನ್ನೋ ಪರಾವಲಂಬಿ ಜೀವಿ ಅಂತ ಗುರುತಿಸಿದರು. ಇದಕ್ಕೆ ತಾಮ್ರ ಕೆಲಸ ಮಾಡೋದಿಲ್ಲ, ಫಾರ್ಮಲಿನ್ ಸ್ನಾನ ಬೇಕು. ಫಾರ್ಮಲಿನ್ ಮನುಷ್ಯರಿಗೂ ಅಪಾಯ, ಮನೆಗೆ ಕೊಡೋದಿಲ್ಲ ಅಂತ ಹೇಳಿ ಅಲ್ಲೇ ನೀರಿಗೆ ಗಾಳಿ ಬಿಟ್ಟು ತಾವೇ ಮಾಡಿದರು. ಬಿಳಿಚುಕ್ಕೆಗೆ ತಾಮ್ರ ಕೊಟ್ಟರೂ ಬೇರೆ ಟ್ಯಾಂಕಿನಲ್ಲೇ, ಅಳತೆ ಮಾಡಿಯೇ. ತಾಮ್ರದ ಮದ್ದಿನ ಬ್ರ್ಯಾಂಡುಗಳಲ್ಲಿ ಕ್ಯುಪ್ರಮೈನ್ ಆದರೆ 0.5 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ ಅರ್ಧ ಭಾಗ), ಕಾಪರ್ ಪವರ್ ಆದರೆ 2.5ರ ಹತ್ತಿರ, ಒಂದರ ಲೆಕ್ಕ ಇನ್ನೊಂದಕ್ಕೆ ಹಾಕಿದರೆ ಮೀನು ಹೋಯಿತು. ಮೂಲ ಟ್ಯಾಂಕನ್ನು ಮೀನಿಲ್ಲದೆ 76 ದಿನ ಬಿಡಿ ಅಂತಲೂ ಹೇಳುತ್ತಾರೆ. ಕೇಳೋಕೆ ಜಾಸ್ತಿ ಅನಿಸುತ್ತದೆ, ಆದರೆ ಆ ರೋಗದ ಗೂಡುಗಳು ಕಲ್ಲು, ಮರಳಿನಲ್ಲಿ ಅಷ್ಟು ಕಾಲ ಕಾಯಬಲ್ಲವು.

ಇನ್ನು ತೊಂದರೆಗಳು. ಭಾನುವಾರ ಹೋಗಲೇಬೇಡಿ, ಕಾಲಿಡೋಕೆ ಜಾಗ ಇರೋದಿಲ್ಲ, ಪ್ರಶ್ನೆ ಕೇಳೋಕೂ ಆಗೋದಿಲ್ಲ. ಮಧ್ಯಾಹ್ನ ಫೋನ್ ಎತ್ತೋದಿಲ್ಲ, ಮೀನು ಸಾಯುತ್ತಿರುವಾಗ ಅದು ದೊಡ್ಡ ಕಷ್ಟ. ಹುಷಾರಿಲ್ಲದ ಮೀನು ಇಟ್ಟುಕೊಳ್ಳುವ ಟ್ಯಾಂಕ್ ಬರೀ ಎರಡಿವೆ, ಹೆಚ್ಚಾಗಿ ತುಂಬಿರುತ್ತವೆ. ಟೆಸ್ಟ್ ಕಿಟ್ಟಿನ ಬೆಲೆ ಆನ್‌ಲೈನಿಗಿಂತ ಜಾಸ್ತಿ. ಕಡಲಕುದುರೆ ಕೇಳಿದರೆ ಸಿಗೋದಿಲ್ಲ, ಅದು ವನ್ಯಜೀವಿ ಕಾಯ್ದೆಯಲ್ಲಿ ಸಂರಕ್ಷಿತ ಅಂತ ನೇರವಾಗಿ ಹೇಳಿ ಕಳಿಸುತ್ತಾರೆ. ಇದನ್ನು ನಾನು ಒಳ್ಳೆಯದರ ಲೆಕ್ಕಕ್ಕೇ ಸೇರಿಸುತ್ತೇನೆ.

ವಿಡಿಯೋ ಕಳಿಸುವವರು ಟ್ಯಾಂಕಿನ ಲೀಟರ್, ಒಳಗಿರುವ ಎಲ್ಲ ಜೀವಿಗಳ ಹೆಸರು, ಇತ್ತೀಚೆಗೆ ಏನು ಹೊಸದಾಗಿ ಹಾಕಿದಿರಿ ಅನ್ನೋದನ್ನು ಜೊತೆಗೇ ಬರೆದು ಕಳಿಸಿ. ಉತ್ತರ ಬೇಗ ಬರುತ್ತದೆ.