ಬೇರಿಂಗ್ ಲೈಫ್ ರಿಪೋರ್ಟ್‌ಗೆ ದುಡ್ಡು ಕಟ್ಟುವ ಮುಂಚೆ ಇದನ್ನು ಓದಿ

ಗಂಗಾವತಿ ಕಡೆಯ ಒಂದು ರೈಸ್ ಮಿಲ್‌ನಲ್ಲಿ ಮೆಂಟೆನೆನ್ಸ್ ನೋಡಿಕೊಳ್ಳುತ್ತೇನೆ. ಸೀಸನ್‌ಗೆ ಮುಂಚೆ ಒಂದು ಸರ್ವಿಸ್ ಕಂಪನಿಯವರು ಬಂದು, ಬ್ಲೋವರ್ ಬೇರಿಂಗ್ ಎಷ್ಟು ದಿನ ಬಾಳುತ್ತದೆ ಅಂತ ಲೆಕ್ಕ ಹಾಕಿ ಕೊಡುತ್ತೇವೆ ಅಂದರು. ದುಡ್ಡು ಕಟ್ಟಿದೆವು. ಬಣ್ಣದ ಗ್ರಾಫ್ ಇರುವ ದಪ್ಪ ರಿಪೋರ್ಟ್ ಬಂತು. 1,500 ಆರ್‌ಪಿಎಂಗೆ 11,000 ಗಂಟೆ ಲೈಫ್, ಈ ಸೀಸನ್‌ಗೆ ಸ್ಪೇರ್ ಬೇಡ ಅಂತ ದಪ್ಪಕ್ಷರದಲ್ಲಿ ಬರೆದಿದ್ದರು. ಹಗಲು ರಾತ್ರಿ ಓಡಿಸಿದರೂ ಒಂದು ವರ್ಷದ ಮೇಲೆ, ಅಲ್ವಾ?

ಸೀಸನ್ ಮಧ್ಯದಲ್ಲೇ ಬೇರಿಂಗ್ ಜಾಮ್. ಹೊರಗೆ ಭತ್ತದ ಲಾರಿಗಳ ಸಾಲು, ಹಮಾಲರು ಸುಮ್ನೆ ಕೂತಿದ್ದಾರೆ, ಸಾಹುಕಾರರು ಅವರೆಲ್ಲರ ಎದುರೇ "ಏನಪ್ಪಾ, ನಿನ್ನ ಹನ್ನೊಂದು ಸಾವಿರ ಗಂಟೆ ಆಗಲೇ ಮುಗೀತಾ?" ಅಂದರು. ಮುಖ ಎಲ್ಲಿಡಲಿ?

ಫೋನ್ ಮಾಡಿದರೆ ಬಂದ ಉತ್ತರ ನೋಡಿ: "ಸಾರ್, ಅದು ಎಲ್10 ಲೈಫ್. ನೂರಕ್ಕೆ ತೊಂಬತ್ತು ಬೇರಿಂಗ್ ಅಷ್ಟು ಬಾಳುತ್ತವೆ. ಹತ್ತು ಮುಂಚೆನೇ ಹೋಗಬಹುದು. ನಿಮ್ಮದು ಆ ಹತ್ತರಲ್ಲಿ ಬಂದಿದೆ, ಬ್ಯಾಡ್ ಲಕ್." ಬ್ಯಾಡ್ ಲಕ್ ಅಂತೆ! ದುಡ್ಡು ತಗೊಳ್ಳುವಾಗ ಈ ಹತ್ತರ ಸುದ್ದಿಯೇ ಇರಲಿಲ್ಲ.

ಎಲ್10 ಅಂದರೆ ಅದೇ, ಸುಳ್ಳಲ್ಲ. ಆದರೆ ನಮ್ಮ ಫಿಟ್ಟರ್ ಬಿಚ್ಚಿ ತೋರಿಸಿದಾಗ ಪುಲ್ಲಿ ಕಡೆಯ ಬೇರಿಂಗ್‌ನ ಹೊರ ರೇಸಲ್ಲಿ (ಗುಂಡುಗಳು ಉರುಳುವ ಹೊರಗಿನ ಬಳೆ) ಮೋಟಾರ್ ಇರುವ ಪಕ್ಕಕ್ಕೆ ಮಾತ್ರ ಚಕ್ಕೆ ಎದ್ದಿತ್ತು. ಬರೀ ತೂಕದ ಲೋಡಾಗಿದ್ದರೆ ಗುರುತು ಮೇಲೋ ಕೆಳಗೋ ಇರಬೇಕಿತ್ತು, ಪಕ್ಕದಲ್ಲಿ ಯಾಕೆ? ಅದು ಮೋಟಾರ್‌ನಿಂದ ಪುಲ್ಲಿಗೆ ಹಾಕಿರುವ ಬೆಲ್ಟ್‌ನ ಎಳೆತ. ರಿಪೋರ್ಟ್ ತೆಗೆದು ನೋಡಿದರೆ ಲೋಡ್ ಅಂತ ಹಾಕಿರುವುದು ಇಂಪೆಲ್ಲರ್ (ಬ್ಲೋವರ್ ಒಳಗೆ ತಿರುಗುವ ರೆಕ್ಕೆಚಕ್ರ) ಮತ್ತು ಶಾಫ್ಟ್ ತೂಕ ಮಾತ್ರ, ಬೆಲ್ಟ್ ಲೆಕ್ಕಕ್ಕೇ ಇಲ್ಲ! ಬಾಲ್ ಬೇರಿಂಗ್‌ನಲ್ಲಿ ಲೋಡ್ ಎರಡು ಪಟ್ಟಾದರೆ ಲೈಫ್ ಎಂಟರಲ್ಲಿ ಒಂದು ಭಾಗಕ್ಕೆ ಇಳಿಯುತ್ತದೆ. 11,000 ಹೋಗಿ 1,400ರ ಒಳಗೆ. ಬಿಡದೆ ಓಡಿಸಿದರೆ ಎರಡು ತಿಂಗಳೂ ಇಲ್ಲ.

ಮತ್ತೆ ಕೇಳಿದೆ. "ಬೆಲ್ಟ್ ಡೀಟೇಲ್ಸ್ ನೀವು ಕೊಟ್ಟಿಲ್ಲ ಸಾರ್." ಅಲ್ಲ ಸ್ವಾಮಿ, ರಿಪೋರ್ಟ್ ಮುಖಪುಟದಲ್ಲಿ ನೀವೇ ತೆಗೆದ ಫೋಟೋ ಇದೆ, ಅದರಲ್ಲಿ ಬೆಲ್ಟೇ ಎದ್ದು ಕಾಣುತ್ತಿದೆ. ಹೊಟ್ಟಿನ ಧೂಳು? ಬೇರಿಂಗ್ ಲೈಫ್ ಲೆಕ್ಕದ ಅಂತರರಾಷ್ಟ್ರೀಯ ಸ್ಟ್ಯಾಂಡರ್ಡ್ ಐಎಸ್ಒ 281ರಲ್ಲಿ ಗ್ರೀಸ್‌ಗೂ ಕೊಳೆಗೂ ಸೇರಿ ಒಂದು ಫ್ಯಾಕ್ಟರ್ ಇದೆ, ಇವರು ಅದನ್ನು ಸುಮ್ನೆ 1 ಅಂತ, ಅಂದರೆ ಲೆಕ್ಕಕ್ಕೇ ಇಲ್ಲದ ಹಾಗೆ, ಹಾಕಿದ್ದಾರೆ. ಅದಕ್ಕೆ "ಅಡ್ವಾನ್ಸ್ಡ್ ರಿಪೋರ್ಟ್ ಬೇರೆ ಚಾರ್ಜ್ ಸಾರ್." ದುಡ್ಡು ವಾಪಸ್ ಕೇಳಿದರೆ ಮುಂದಿನ ರಿಪೋರ್ಟ್‌ಗೆ ಡಿಸ್ಕೌಂಟ್ ಕೊಡುತ್ತಾರಂತೆ!

ಯಾರಾದರೂ ಗಂಟೆ ಲೆಕ್ಕ ಹಿಡಿದುಕೊಂಡು ಬಂದರೆ ಮೊದಲು ಲೋಡ್ ಎಲ್ಲಿಂದ ತಂದಿರಿ ಅಂತ ಕೇಳಿ, ಬೆಲ್ಟ್ ಸೇರಿದೆಯಾ ಅಂತ ಕೇಳಿ, ಬರೆಸಿಕೊಳ್ಳಿ. ಸ್ಪೇರ್ ಬೇಡ ಅನ್ನುವವರ ಮಾತು ಕೇಳಲೇಬೇಡಿ.