ಬಿಸಿನೀರಿಗೆ ತಾಮ್ರದ ಬಂಬ್, ಬೆಳಕಿಗೆ ಲಿಥಿಯಂ: ಕಂಬ ಬಾರದ ಹೊಲದ ಮನೆಯ ಲೆಕ್ಕ

ಔರಾದ್ ತಾಲ್ಲೂಕಿನ ನಮ್ಮ ಹೊಲದ ಮನೆಗೆ ವಿದ್ಯುತ್ ಕಂಬ ಬರಲಿಲ್ಲ. ದೊಡ್ಡ ಮಾರ್ಗದಿಂದ ಅಲ್ಲಿಯವರೆಗೆ ತಂತಿ ಎಳೆಯಲು ಕೇಳಿದ ಮೊತ್ತಕ್ಕೆ ಒಂದು ಜೋಡಿ ಒಳ್ಳೆಯ ಎತ್ತುಗಳೇ ಬರುತ್ತಿದ್ದವು. ಅವ್ವ ಮತ್ತು ಅಣ್ಣ ಅಲ್ಲಿಯೇ ಇರುತ್ತಾರೆ. ನಾನು ಬೀದರ್‌ನಿಂದ ವಾರದ ಕೊನೆಗೆ ಹೋಗುತ್ತೇನೆ, ಹೋದಾಗಲೆಲ್ಲ ತಂತಿ, ನಲ್ಲಿ, ಬ್ಯಾಟರಿಗಳ ಚಾಕರಿ ನನ್ನ ಪಾಲಿಗೆ. ಆ ಮನೆಯಲ್ಲಿ ಎರಡು ಬಗೆಯ ಬಿಸಿನೀರಿನ ಏರ್ಪಾಡನ್ನೂ ಎರಡು ಬಗೆಯ ಬ್ಯಾಟರಿಯನ್ನೂ ಬಳಸಿ ನೋಡಿಯಾಗಿದೆ. ನನ್ನ ಮತವನ್ನು ಮೊದಲೇ ಹೇಳಿಬಿಡುತ್ತೇನೆ: ಸ್ನಾನದ ನೀರಿಗೆ ಕಟ್ಟಿಗೆ ಉರಿಸುವ ತಾಮ್ರದ ಬಂಬ್, ಬೆಳಕಿಗೂ ಫ್ಯಾನಿಗೂ ಲಿಥಿಯಂ ಬ್ಯಾಟರಿ. ಮಾಳಿಗೆಯ ಮೇಲಿನ ಗಾಜಿನ ಕೊಳವೆಯ ಸೋಲಾರ್ ಹೀಟರ್ ಅಣ್ಣನ ಹಠದಿಂದ ಬಂದದ್ದು. ಅದರ ಬಗ್ಗೆ ನನಗೆ ಹೇಳುವುದು ಬಹಳವಿದೆ.

ಬೀದರ್ ಎಂದರೆ ಬರೀ ಬಿಸಿಲು ಎಂದುಕೊಂಡವರು ಜನವರಿಯ ಬೆಳಗಿನ ಐದು ಗಂಟೆಗೆ ನಮ್ಮ ಬಚ್ಚಲಿಗೆ ಬರಬೇಕು. ಡಿಸೆಂಬರ್, ಜನವರಿಗಳಲ್ಲಿ ಇಲ್ಲಿ ರಾತ್ರಿಯ ಉಷ್ಣಾಂಶ ಒಂದಂಕಿಗೆ ಇಳಿಯುವುದು ಅಪರೂಪವೇನಲ್ಲ. ಹಾಗಾಗಿ ಬಿಸಿನೀರು ಬೇಕೇ ಬೇಕು. ಆದರೆ ಅದನ್ನು ವಿದ್ಯುತ್ತಿನಿಂದ ಕಾಯಿಸುವ ಯೋಚನೆಯನ್ನು ಕಾಗದದ ಮೇಲೆಯೇ ಹೊಡೆದು ಹಾಕಬಹುದು. ಇಪ್ಪತ್ತು ಲೀಟರಿನ ಒಂದು ಬಕೆಟ್ ನೀರನ್ನು 18 ಡಿಗ್ರಿಯಿಂದ 42 ಡಿಗ್ರಿಗೆ ಏರಿಸಲು ಅರ್ಧ ಯೂನಿಟ್‌ಗಿಂತ ತುಸು ಹೆಚ್ಚು ಶಕ್ತಿ ಬೇಕು. 12.8 ವೋಲ್ಟ್, 100 ಆಂಪಿಯರ್-ಅವರ್ ಲಿಥಿಯಂ ಬ್ಯಾಟರಿಯಲ್ಲಿ ಇರುವುದೇ 1.28 ಯೂನಿಟ್. ಇಬ್ಬರು ಸ್ನಾನ ಮಾಡಿದರೆ ಬ್ಯಾಟರಿ ಬರಿದು. ಸಾಲದ್ದಕ್ಕೆ ನೀರು ಕಾಯಿಸುವ ರಾಡ್ 1,500 ವ್ಯಾಟ್ ಬೇಡುತ್ತದೆ. ನಮ್ಮಂಥ ಮನೆಯ ಸಣ್ಣ ಇನ್ವರ್ಟರ್ ಅದನ್ನು ಕಂಡ ಕೂಡಲೇ ಕೂಗಿ ಕೈಬಿಡುತ್ತದೆ. ಶಾಖ ಬೇಕಾದ ಕೆಲಸಕ್ಕೆ ವಿದ್ಯುತ್ತನ್ನು ಮುಟ್ಟಬಾರದು ಎಂಬುದು ಕಂಬವಿಲ್ಲದ ಮನೆಯ ಮೊದಲ ಕಟ್ಟಳೆ.

ಬಂಬ್ ನೋಡದವರಿಗೆ ಎರಡು ಮಾತು. ನಡುವೆ ಹೊಗೆ ಹೋಗುವ ಕೊಳವೆ, ಸುತ್ತ ನೀರು, ಕೆಳಗೆ ಕೆಂಡ ಬೀಳುವ ಜಾಳಿಗೆ. ಬೆಂಕಿ ನೀರಿನ ಹೊಟ್ಟೆಯೊಳಗೇ ಉರಿಯುವುದರಿಂದ ಮೂರು ಕಲ್ಲಿನ ಮೇಲೆ ಹಂಡೆ ಇಟ್ಟಾಗ ಆಗುವಷ್ಟು ಶಾಖ ಪೋಲಾಗುವುದಿಲ್ಲ. ಮೇಲಿನ ಬಾಯಿಯಿಂದ ಸುರಿದ ತಣ್ಣೀರು ಒಳಗಿನ ನಳಿಗೆಯಲ್ಲಿ ತಳಕ್ಕಿಳಿಯುತ್ತದೆ, ಅಷ್ಟೇ ಬಿಸಿನೀರು ಮೇಲಿನ ಮೂತಿಯಿಂದ ಹೊರಗೆ ಬರುತ್ತದೆ. ತೊಟ್ಟಿ ಬೇಡ, ಒತ್ತಡ ಬೇಡ, ಪಂಪ್ ಬೇಡ. ನಮ್ಮದನ್ನು ಹಳೆಯ ಪಾತ್ರೆ ಅಂಗಡಿಯಲ್ಲಿ ತಾಮ್ರದ ತೂಕಕ್ಕೆ ಕೊಂಡೆ. ನಾಳೆ ಬೇಡವೆಂದರೂ ತೂಕಕ್ಕೆ ಹೋಗುತ್ತದೆ. ಹಣ ಗೋಡೆಯೊಳಗೆ ಹೂತು ಹೋಗುವುದಿಲ್ಲ.

ಉರುವಲು ತೊಗರಿ ಕಟ್ಟಿಗೆ. ಡಿಸೆಂಬರ್ ಹೊತ್ತಿಗೆ ತೊಗರಿ ಕೊಯ್ಲು ಶುರುವಾಗಿ ಕಾಳು ಮಾರುಕಟ್ಟೆಗೆ ಹೋದರೆ ಕಟ್ಟಿಗೆ ಬದುವಿನ ಮೇಲೆ ಬಣವೆಯಾಗಿ ಉಳಿಯುತ್ತದೆ. ಅದನ್ನು ಹೊಲದಲ್ಲಿಯೇ ಸುಟ್ಟು ಬೂದಿ ಮಾಡುವವರೂ ಇದ್ದಾರೆ. ಒಂದು ಕಿಲೋ ಒಣ ಕಟ್ಟಿಗೆಯಲ್ಲಿ ಸುಮಾರು 4 ಯೂನಿಟ್ ಶಾಖವಿದೆ. ಮುಕ್ಕಾಲು ಪಾಲು ಹೊಗೆಯಲ್ಲಿ ಹೋಯಿತೆಂದು ಇಟ್ಟುಕೊಂಡರೂ ಹತ್ತಿರ ಹತ್ತಿರ ಎರಡು ಬಕೆಟ್ ಕಾಯುತ್ತದೆ. ದೋಷಗಳೂ ಇವೆ. ಹೊಗೆ ಇದೆ, ಅದಕ್ಕೇ ಬಂಬ್‌ನ ಜಾಗ ಹಿತ್ತಲಿನ ತಗಡಿನ ಚಪ್ಪರದ ಕೆಳಗೆ. ಮಳೆಗಾಲಕ್ಕೆ ಮೊದಲೇ ಕಟ್ಟಿಗೆಯನ್ನು ಸೂರಿನಡಿ ಸೇರಿಸಬೇಕು. ಬಣವೆಯಲ್ಲಿ ಹಾವು ಇರಬಹುದೆಂದು ಕೋಲಿನಿಂದ ತಟ್ಟಿಯೇ ಕೈ ಹಾಕಬೇಕು. ನೀರಿಲ್ಲದೆ ಬೆಂಕಿ ಹಾಕಿದರೆ ಬೆಸುಗೆ ಕರಗುತ್ತದೆ. ‘ಅತ್ತೆ ಹೊತ್ತಿಸುತ್ತಾರೆ, ನೀವು ಹೊಗಳುತ್ತೀರಿ’ ಎಂದು ನನ್ನ ಹೆಂಡತಿ ಚುಚ್ಚುತ್ತಾಳೆ. ಅದು ನ್ಯಾಯವಾದ ಮಾತೇ. ನಾನಿದ್ದ ದಿನ ಬೆಂಕಿ ಹಾಕುವ ಕೆಲಸ ನನ್ನದು.

ಇನ್ನು ಗಾಜಿನ ಕೊಳವೆಯ ಹೀಟರ್. ನೂರು ಲೀಟರಿನದು. ಬಿಸಿಲಿರುವ ದಿನ ನೀರು ಚೆನ್ನಾಗಿಯೇ ಕಾಯುತ್ತದೆ, ಮರುದಿನ ಬೆಳಗಿನವರೆಗೆ ಬಿಸಿ ಉಳಿಯುತ್ತದೆ. ಅದರಲ್ಲಿ ತಕರಾರಿಲ್ಲ. ತಕರಾರು ತಣ್ಣೀರಿನ ತೊಟ್ಟಿಯದು, ಅದನ್ನು ಮಾರುವವರು ಯಾರೂ ಮೊದಲೇ ಹೇಳುವುದಿಲ್ಲ.

ಈ ಹೀಟರ್‌ಗೆ ನೀರು ತನ್ನಷ್ಟಕ್ಕೆ ಇಳಿದು ಬರಬೇಕು. ಅಂದರೆ ತಣ್ಣೀರಿನ ತೊಟ್ಟಿಯ ತಳ ಬಿಸಿನೀರಿನ ತೊಟ್ಟಿಯ ನೆತ್ತಿಗಿಂತ ಮೇಲಿರಬೇಕು. ಪೇಟೆಯ ಆರ್‌ಸಿಸಿ ಮನೆಗಳಲ್ಲಿ ಮೆಟ್ಟಿಲ ಕೋಣೆಯ ಮೇಲೆ ತೊಟ್ಟಿ ಮೊದಲೇ ಇರುತ್ತದೆ, ಹಾಗಾಗಿ ಈ ಪ್ರಶ್ನೆಯೇ ಹುಟ್ಟುವುದಿಲ್ಲ. ನಮ್ಮದು ಶಹಾಬಾದ್ ಕಲ್ಲಿನ ಚಪ್ಪಡಿ ಹೊದಿಸಿದ ಮಾಳಿಗೆ. ಗೋಡೆಯ ನೇರಕ್ಕೆ ಹೀಟರ್ ಕೂರಿಸಬಹುದು; ಅದರ ಮೇಲೆ ಇನ್ನೊಂದು ಕಟ್ಟೆ ಕಟ್ಟಿ 500 ಲೀಟರ್, ಅಂದರೆ ಅರ್ಧ ಟನ್ ನೀರನ್ನು ಹೊರಿಸಲು ಮೇಸ್ತ್ರಿ ಒಪ್ಪಲಿಲ್ಲ. ಒಪ್ಪದೆ ಒಳ್ಳೆಯದನ್ನೇ ಮಾಡಿದ. ಕೊನೆಗೆ ನೆಲದಿಂದಲೇ ಕಬ್ಬಿಣದ ಕಾಲುಗಳನ್ನು ಎಬ್ಬಿಸಿ ಮಾಳಿಗೆಗಿಂತ ಎತ್ತರಕ್ಕೆ ತೊಟ್ಟಿ ಕೂರಿಸಿದ್ದಾಯಿತು. ಕಪ್ಪು ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಅದಕ್ಕಾಗಿ ಪಾಯವನ್ನು ಗಟ್ಟಿ ಮೊರಂ ಸಿಗುವವರೆಗೆ ಅಗೆಯಬೇಕಾಯಿತು. ಕಬ್ಬಿಣ, ಸಿಮೆಂಟ್, ಕೂಲಿ ಎಲ್ಲ ಕೂಡಿಸಿದಾಗ ಹೀಟರ್‌ಗಿಂತ ಅದರ ತೊಟ್ಟಿಯ ಕಾಲುಗಳೇ ದುಬಾರಿ. ಅಷ್ಟೆತ್ತರಕ್ಕೆ ನೀರು ಏರಿಸಲು ಒಂದು ಡಿಸಿ ಪಂಪ್, ಆ ಪಂಪಿಗೆ ಬ್ಯಾಟರಿ ತುಂಬುವ ಸೋಲಾರ್ ಪ್ಯಾನೆಲ್‌ನ ಪಾಲು. ಪುಕ್ಕಟೆ ಬಿಸಿಲಿನ ಬಿಸಿನೀರು ಎನ್ನುವ ಮಾತಿನ ಹಿಂದೆ ಇಷ್ಟೆಲ್ಲ ಇದೆ.

ಅಲ್ಲಿಗೂ ಮುಗಿಯಲಿಲ್ಲ. ಅದೇ ತೊಟ್ಟಿಯ ನೀರು ಎಮ್ಮೆಗಳಿಗೂ ಹೋಗುತ್ತದೆ. ಮಧ್ಯಾಹ್ನ ತೊಟ್ಟಿ ಬರಿದಾದ ಮೇಲೆ ಬಚ್ಚಲಿನಲ್ಲಿ ಯಾರೋ ಬಿಸಿನೀರು ತಿರುಗಿಸಿದರೆ ಹೀಟರ್ ಕೂಡ ಖಾಲಿಯಾಗಬಹುದು. ಹೊಳೆಯುವ ಬಿಸಿಲಿನಲ್ಲಿ ನೀರಿಲ್ಲದ ನಿರ್ವಾತ ಕೊಳವೆಯ ಒಳಗೋಡೆ 200 ಡಿಗ್ರಿಯನ್ನೂ ದಾಟಬಲ್ಲದು. ಆ ಹೊತ್ತಿನಲ್ಲಿ ಪಂಪ್ ಹಾಕಿದರೆ ತಣ್ಣೀರು ನೇರ ಕಾದ ಗಾಜಿಗೆ ಬಡಿಯುತ್ತದೆ; ಗಾಜು ಚಟ್ಟನೆ ಒಡೆಯುತ್ತದೆ. ಒಂದು ಕೊಳವೆ ಒಡೆದರೆ ಉಳಿದವು ಕೆಲಸ ಮಾಡುತ್ತವೆ ಎಂದುಕೊಳ್ಳಬೇಡಿ. ಆ ತೂತಿನಿಂದ ಇಡೀ ತೊಟ್ಟಿಯ ನೀರು ಮಾಳಿಗೆಯ ಮೇಲೆ ಹರಿಯುತ್ತದೆ. ಬದಲಿ ಕೊಳವೆ ಬರುವವರೆಗೆ ಹೀಟರ್ ಒಂದು ಅಲಂಕಾರ.

ಬದಲಿ ಕೊಳವೆಯ ಕಥೆ ಬೇರೆಯೇ. ಪೇಟೆಯ ಅಂಗಡಿಯವನು ಬಿಡಿಯಾಗಿ ಕೊಡುವುದಿಲ್ಲ, ಪೆಟ್ಟಿಗೆ ಲೆಕ್ಕ ಎಂದ. ಇನ್ನೊಬ್ಬ ಕೊಟ್ಟ, ಆದರೆ 47 ಮಿಲಿಮೀಟರ್ ದಪ್ಪದ್ದು. ನಮ್ಮ ಹೀಟರ್‌ನದು 58. ರಬ್ಬರ್ ಬಳೆಯಲ್ಲಿ ಅದು ನಿಲ್ಲುವುದೇ ಇಲ್ಲ. ಆರಡಿ ಉದ್ದದ ಗಾಜನ್ನು ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಔರಾದ್ ರಸ್ತೆಯಲ್ಲಿ ಬರುವುದು ಹೇಗಿರುತ್ತದೆಂದು ನೀವೇ ಊಹಿಸಿಕೊಳ್ಳಿ. ಬಂಬ್‌ಗೆ ಹೋಲಿಸಿ: ಬೆಸುಗೆ ಬಿಟ್ಟರೆ ಸಂತೆಯ ದಿನ ಬರುವ ಪಾತ್ರೆ ರಿಪೇರಿಯವನು ಹಚ್ಚಿ ಕೊಡುತ್ತಾನೆ.

ಮೋಡದ ದಿನ ಹೀಟರ್ ಉಗುರುಬೆಚ್ಚಗೆ. ಏಪ್ರಿಲ್, ಮೇ ತಿಂಗಳಲ್ಲಿ ಮಾತ್ರ ಕುದಿಕುದಿ. ಆಗ ಯಾರಿಗೂ ಬೇಡ, ಕೊಳವೆಗಳ ಮೇಲೆ ಗೋಣಿಚೀಲ ಹೊದಿಸುತ್ತೇವೆ. ಆಲಿಕಲ್ಲು ಬಿದ್ದರೆ ದೇವರೇ ಗತಿ. ನಮ್ಮ ಗಡಸು ನೀರಿಗೆ ಬಿಳಿಯ ಪೊರೆ ಕಟ್ಟುವುದು ಹೀಟರ್‌ಗೂ ಬಂಬ್‌ಗೂ ಸಮಾನ.

ಆದರೂ ಆರ್‌ಸಿಸಿ ಮಾಳಿಗೆ, ಮೊದಲೇ ಇರುವ ಎತ್ತರದ ತೊಟ್ಟಿ, ಬೆಳಿಗ್ಗೆ ಶಾಲೆಗೆ ಓಡುವ ಮಕ್ಕಳು ಇರುವವರು ಹೀಟರನ್ನೇ ಕೊಳ್ಳಲಿ. ನಾನು ಜಗಳವಾಡುವುದಿಲ್ಲ.

ಬ್ಯಾಟರಿಯಲ್ಲಿ ನನ್ನ ಒಲವು ಉಲ್ಟಾ. ಮೊದಲು ಇದ್ದದ್ದು 150 ಆಂಪಿಯರ್-ಅವರ್ ಟ್ಯೂಬುಲರ್ ಸೀಸದ ಬ್ಯಾಟರಿ. ಕಾಗದದ ಮೇಲೆ 1.8 ಯೂನಿಟ್, ಆದರೆ ಬಾಳಿಕೆ ಬೇಕೆಂದರೆ ಅರ್ಧಕ್ಕಿಂತ ಕೆಳಗೆ ಇಳಿಸಬಾರದು. ಲಿಥಿಯಂ ಐರನ್ ಫಾಸ್ಫೇಟ್ 100 ಆಂಪಿಯರ್-ಅವರ್‌ನದರಲ್ಲಿ ಹತ್ತರಲ್ಲಿ ಎಂಟು ಭಾಗ ಧೈರ್ಯವಾಗಿ ಬಳಸಬಹುದು. ಲೆಕ್ಕ ಹಾಕಿದರೆ ಚಿಕ್ಕದೇ ತುಸು ಮುಂದು. ನಮ್ಮ ಖರ್ಚು ದಿನಕ್ಕೆ ಮುಕ್ಕಾಲು ಯೂನಿಟ್ ಆಸುಪಾಸು: ಬಿಎಲ್‌ಡಿಸಿ ಎಂಬ ಕಡಿಮೆ ವಿದ್ಯುತ್ ತಿನ್ನುವ ಮೋಟರಿನ, 30 ವ್ಯಾಟಿನ ಎರಡು ಫ್ಯಾನ್, ನಾಲ್ಕು ಎಲ್‌ಇಡಿ ದೀಪ, ಮೊಬೈಲ್‌ಗಳು. ಹಳೆಯ 75 ವ್ಯಾಟಿನ ಫ್ಯಾನ್ ಇಟ್ಟುಕೊಂಡೇ ಬ್ಯಾಟರಿ ದೊಡ್ಡದು ಮಾಡುವವರನ್ನು ಕಂಡರೆ ನನಗೆ ಕನಿಕರ.

ಟ್ಯೂಬುಲರ್‌ನ ಬೆಲೆ ಕಡಿಮೆ, ಹಳತಾದರೆ ಗುಜರಿಗೆ ಒಳ್ಳೆಯ ದರ, ರಿಪೇರಿಯವರು ಪ್ರತಿ ಊರಿನಲ್ಲೂ ಸಿಗುತ್ತಾರೆ. ಆದರೆ ಬೇಸಿಗೆಯಲ್ಲಿ ಭಟ್ಟಿ ಇಳಿಸಿದ (ಡಿಸ್ಟಿಲ್ಡ್) ನೀರು ತುಂಬಲು ನೆನಪಿಡುವವರು ಬೇಕು. ಅಣ್ಣ ಎತ್ತಿಗೆ ನೀರು ಮರೆಯುವುದಿಲ್ಲ, ಬ್ಯಾಟರಿಗೆ ಮರೆಯುತ್ತಾನೆ. ಮಳೆಗಾಲದಲ್ಲಿ ದಿನಗಟ್ಟಲೆ ಅರ್ಧ ಹೊಟ್ಟೆಯಲ್ಲಿ ಬಿದ್ದಿದ್ದರೆ ಸೀಸದ ಫಲಕಗಳು ಗಟ್ಟಿಯಾಗುತ್ತವೆ. ಲಿಥಿಯಂಗೆ ಅರ್ಧ ಹೊಟ್ಟೆಯೇ ಹಿತ. ಸೀಸದ್ದು ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುವುದರಿಂದ ಮಲಗುವ ಕೋಣೆಯಲ್ಲಿ ಇಡುವಂತಿಲ್ಲ. ಹೊರಗಿನ ತಗಡಿನ ಕೋಣೆಯಲ್ಲಿಟ್ಟರೆ ಮೇ ತಿಂಗಳ ಕಾವು ತಿನ್ನುತ್ತದೆ: ಉಷ್ಣಾಂಶ ಹತ್ತು ಡಿಗ್ರಿ ಏರಿದಂತೆಲ್ಲ ಅದರ ಆಯುಷ್ಯ ಅರ್ಧವಾಗುತ್ತದೆ ಎಂಬುದು ರೂಢಿಯ ಲೆಕ್ಕ. ಲಿಥಿಯಂ ಪೆಟ್ಟಿಗೆಯನ್ನು ಪಡಸಾಲೆಯ ತಂಪಾದ ಮೂಲೆಯಲ್ಲಿ ಇಟ್ಟಿದ್ದೇವೆ. ಬೆಲೆ ಹೆಚ್ಚುಕಡಿಮೆ ಎರಡರಷ್ಟು. ಒಂದು ಎಚ್ಚರಿಕೆ: ಹಳೆಯ ಇನ್ವರ್ಟರ್‌ನಲ್ಲಿ ಲಿಥಿಯಂ ಆಯ್ಕೆ ಇಲ್ಲದಿದ್ದರೆ ಬರೀ ಬ್ಯಾಟರಿ ಬದಲಿಸಬೇಡಿ. ಸೀಸಕ್ಕೆಂದು ಆಗಾಗ ಏರಿಸುವ ಹೆಚ್ಚಿನ ವೋಲ್ಟೇಜ್‌ಗೆ ಲಿಥಿಯಂನೊಳಗಿನ ರಕ್ಷಣಾ ಮಂಡಲ ಸಂಪರ್ಕ ಕಡಿದುಕೊಳ್ಳಬಹುದು.

ಪ್ಯಾನೆಲ್ ದಕ್ಷಿಣಕ್ಕೆ ಮುಖ ಮಾಡಿ, ಸುಮಾರು 18 ಡಿಗ್ರಿ ಓರೆ. ಅಷ್ಟು ಸಾಕು.

ಗೋಬರ್ ಗ್ಯಾಸ್ ಅಡುಗೆಗೆ ಒಳ್ಳೆಯದು, ಸ್ನಾನಕ್ಕೆ ಸಾಲದು. ಒಂದು ಘನ ಮೀಟರ್ ಅನಿಲಕ್ಕೆ ದಿನಕ್ಕೆ 25 ಕಿಲೋ ಸಗಣಿ ಬೇಕು, ಅದೂ ಚಳಿಗಾಲದಲ್ಲಿ, ಬಿಸಿನೀರು ಬೇಕಾದಾಗಲೇ, ಇಳುವರಿ ಕುಗ್ಗುತ್ತದೆ. ಸಣ್ಣ ಗಾಳಿಯಂತ್ರದ ಮಾತು ಬೇಡ. ಗಾಳಿಯ ವೇಗ ಅರ್ಧವಾದರೆ ಶಕ್ತಿ ಎಂಟನೆಯ ಒಂದಾಗುತ್ತದೆ. ಕೋಣೆ ಬೆಚ್ಚಗಾಗಲು ಹೀಟರ್ ಬೇಡ, ಎರಡು ಕೌದಿ ಸಾಕು. ಬಂಬ್‌ನ ಕೆಂಡವನ್ನು ಬುಟ್ಟಿಯಲ್ಲಿ ಒಳಗೆ ತಂದು ಬಾಗಿಲು ಮುಚ್ಚಿ ಮಲಗುವ ಚಟ ಕೆಲವರಿಗಿದೆ; ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯಿಲ್ಲ, ಎಚ್ಚರವಾಗುವುದೇ ಇಲ್ಲ.

ಸಹಾಯಧನದ ಆಸೆಯಿಂದ ಕಾಯುವವರಿಗೆ: 2024ರ ಫೆಬ್ರವರಿಯಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯ 78,000 ರೂಪಾಯಿವರೆಗಿನ ನೆರವು ವಿದ್ಯುತ್ ಜಾಲಕ್ಕೆ ಜೋಡಿಸಿದ ಮಾಳಿಗೆಗಳಿಗೆ. ಕಂಬವೇ ಇಲ್ಲದ ನಮಗೆ ಅದು ಸಿಗುವುದಿಲ್ಲ. ಎಲ್ಲವೂ ಕೈಯಿಂದಲೇ ಎಂದಾದಾಗ ನಾನು ಹಾಕುವ ಸಾಲು ಇದು: ಮೊದಲು ಬಿಎಲ್‌ಡಿಸಿ ಫ್ಯಾನ್, ಆಮೇಲೆ ಬಂಬ್, ಆಮೇಲೆ ಪ್ಯಾನೆಲ್ ಮತ್ತು ಅದರಿಂದ ಆದಷ್ಟು ಹೆಚ್ಚು ಶಕ್ತಿ ಎಳೆದು ಬ್ಯಾಟರಿ ತುಂಬುವ ಎಂಪಿಪಿಟಿ ನಿಯಂತ್ರಕ, ಕೊನೆಗೆ ಲಿಥಿಯಂ. ಹಣ ಸಾಲದಿದ್ದರೆ ಮೊದಲೆರಡು ವರ್ಷ ಟ್ಯೂಬುಲರ್‌ನಲ್ಲಿ ತಳ್ಳಿ; ಇನ್ವರ್ಟರ್ ಮಾತ್ರ ಎರಡಕ್ಕೂ ಹೊಂದುವಂಥದ್ದನ್ನೇ ಕೊಳ್ಳಿ.